ಆರು ಜನಾವರ, ಒಂದು ಮೀಸೆ

ನಮ್ಮ ಮನೆತನದಲ್ಲಿ ಪದವೀಧರ ಹುಟ್ಟುವುದು ಸಾಧ್ಯವೇ ಇಲ್ಲ ಎಂದವರು ನನ್ನ ಚಿಕ್ಕಪ್ಪ, ಸಂಗಪ್ಪ ಕಾಕಾ. ಮನೆಯೊಳಗೆ ಅಂದಿದ್ದರೆ ಮರೆತುಹೋಗುತ್ತಿತ್ತೇನೋ. ಅವರು ಅಂದದ್ದು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದ ಮೊಂಢಾದಲ್ಲಿ — ಅಂದರೆ ನಮ್ಮ ಊರಿನ ಕಾಳಿನ ಪೇಟೆಯಲ್ಲಿ — ತಮ್ಮ ಅಡತಿ ಅಂಗಡಿಯ ಕಟ್ಟೆಯ ಮೇಲೆ ನಿಂತು, ಗುಂಜೋಟಿಯಿಂದ ತೊಗರಿ ತಂದಿದ್ದ ರೈತರೆದುರು.

"ನಮ್ಮ ಮನ್ಯಾಗ ತಕ್ಕಡಿ ಹಿಡಿಯಾವ್ರು ಹುಟ್ಟತಾರ, ಪದವಿ ಹಿಡಿಯಾವ್ರಲ್ಲ. ಈ ಮಲ್ಯಾ ಪದವಿ ತಂದನಂದ್ರ ನಾ ಈ ಮೀಸಿ ಬೋಳಿಸ್ತೀನಿ. ಬೋಳಿಸಿ ಮತ್ತ ಬಿಡಂಗಿಲ್ಲ. ಕೇಳ್ರಿ ಎಲ್ಲಾರೂ."

ಎಲ್ಲರೂ ಕೇಳಿದರು. ಯಾಕೆಂದರೆ ಅದು ಸಾಧಾರಣ ಮೀಸೆಯಾಗಿರಲಿಲ್ಲ. ಮೊಂಢಾದಲ್ಲಿ ಕಾಕಾರ ಅಂಗಡಿಗೆ ಹೆಸರಿನ ಫಲಕವೇ ಇರಲಿಲ್ಲ. 'ಮೀಸಿ ಸಾವ್ಕಾರ್ ಎಲ್ಲಿ' ಎಂದರೆ ಹಮಾಲರು ಕೈ ತೋರಿಸುತ್ತಿದ್ದರು.

ಆ ಮಲ್ಯಾ ಅಂದರೆ ನಾನು, ಮಲ್ಲಿನಾಥ. ಇಂದು ನಾನು ಪದವೀಧರ. ನಮ್ಮ ಮನೆತನದ ಮೊದಲನೆಯವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ಆದರೆ ಕಾಕಾರ ಮೀಸೆ ಹೋದದ್ದು ನನ್ನ ಪದವಿಯಿಂದಲ್ಲ. ನನ್ನ ಸುಳ್ಳಿನಿಂದ. ಸುಳ್ಳಾದರೂ ದೊಡ್ಡದೇ? ಒಂದು ಸೊಲ್ಲು — 'ಹೂಂ' ಎಂಬುದು. ಆ ಹೂಂ ಒಂದು ಮೊಬೈಲ್ ಆಟದಿಂದ ಹುಟ್ಟಿತು ಎಂದರೆ ನೀವು ನಗುತ್ತೀರಿ. ನಗಿರಿ. ನಾನೂ ಎಷ್ಟೋ ಸಲ ನಕ್ಕಿದ್ದೇನೆ, ಆಮೇಲೆ ಊಟದಲ್ಲಿ ಎದುರು ಕುಳಿತ ಕಾಕಾರ ಬೋಳು ತುಟಿ ಕಂಡು — ಇರಲಿ, ಮೊದಲಿನಿಂದ ಹೇಳುತ್ತೇನೆ.

ಅಪ್ಪ ದಾಳಿಂಬ ಎಂಬ ಹಳ್ಳಿಯಲ್ಲಿ ಹೊಲ ನೋಡಿಕೊಳ್ಳುತ್ತಾರೆ. ನಾನು ಓದಲಿಕ್ಕೆಂದು ಉಮರ್ಗಾದಲ್ಲಿ ಕಾಕಾರ ಮನೆಯಲ್ಲಿ ಬೆಳೆದವನು. ಆ ಮನೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು, ನನ್ನ ಅಜ್ಜಿ — ನಾವು ಆಯಿ ಅನ್ನುತ್ತೇವೆ — ಇಷ್ಟು ಜನ. ಅವ್ವ ಎರಡೂ ಮನೆಗಳ ನಡುವೆ ಷೇರ್ ಆಟೋದಲ್ಲಿ ಓಡಾಡಿಕೊಂಡೇ ಇರುತ್ತಿದ್ದಳು; ಇಲ್ಲಿ ರೊಟ್ಟಿ ಬಡಿದು ಅಲ್ಲಿ ಕಳೆ ಕೀಳುವಷ್ಟು ಚುರುಕು. ಹನ್ನೆರಡನೆಯದರಲ್ಲಿ ನಾನು ನಪಾಸಾದಾಗ ಅಪ್ಪ ನನ್ನನ್ನು ಹೊಲಕ್ಕೆ ಎಳೆದುಕೊಂಡು ಹೋಗಲು ಬಂದಿದ್ದರು. ಬಾಗಿಲಲ್ಲಿ ಅಡ್ಡ ನಿಂತವರು ಇದೇ ಕಾಕಾ.

"ಹೊಲಾ ಹಾಳ ಮಾಡ್ತಾನ, ಬಿಡು. ಕಾಲೇಜಿನ್ಯಾಗ ಇರ್ಲಿ, ಅಲ್ಲಿ ಹಾಳ ಮಾಡ್ಲಾಕ ಏನೂ ಇಲ್ಲ," ಅಂದರು. ಫೀಸನ್ನೂ ಅವರೇ ಕಟ್ಟಿದರು. ಆಗುವುದಿಲ್ಲ ಎಂದವರೂ ಅವರೇ, ಆಗಲಿಕ್ಕೆ ಬೇಕಾದ್ದನ್ನೆಲ್ಲ ಮಾಡಿದವರೂ ಅವರೇ. ಆಗ ಇದು ನನಗೆ ಕಾಣಿಸಲಿಲ್ಲ. ನನ್ನ ಕಣ್ಣು ಫೋನಿನಲ್ಲಿತ್ತು.

ಫೋನಿನಲ್ಲಿ ಒಂದು ಆಟ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಆರಾರು ವಿಚಿತ್ರ ಪ್ರಾಣಿಗಳು. ಇಂಗ್ಲಿಷಿನಲ್ಲಿ ಮಾನ್‌ಸ್ಟರ್, ನಾವು ಜನಾವರ ಅನ್ನುತ್ತಿದ್ದೆವು. ಕಣದಲ್ಲಿ ಒಂದು ಸಲಕ್ಕೆ ಒಂದೇ ಜನಾವರ ಇರಬೇಕು. ಬೇಕೆಂದಾಗ ಅದನ್ನು ಹಿಂದೆ ಕರೆದು ಇನ್ನೊಂದನ್ನು ಮುಂದೆ ಬಿಡಬಹುದು. ಬೆಂಕಿಯದು ಬಳ್ಳಿಯದನ್ನು ಸುಡುತ್ತದೆ, ಬಳ್ಳಿಯದು ನೀರಿನದನ್ನು ಹೀರುತ್ತದೆ, ನೀರಿನದು ಬೆಂಕಿಯದನ್ನು ಆರಿಸುತ್ತದೆ. ಆರೂ ಬಿದ್ದವನು ಸೋತ. ಇಷ್ಟೇ ಆಟ — ಇಷ್ಟೇ ಎಂದುಕೊಂಡೇ ನಾನು ಪದವಿಯ ಮೂರು ವರ್ಷ ಅದರೊಳಗೆ ಮುಳುಗಿದ್ದೆ.

ನನ್ನ ಮೊದಲ ತಂಡ ಹೇಗಿತ್ತೆಂದರೆ — ಆರರಲ್ಲಿ ಐದು ಬೆಂಕಿಯವು. ಬೆಂಕಿ ಹೋತ, ಬೆಂಕಿ ಹುಂಜ, ಬೆಂಕಿ ತೋಳ. ಬಂದದ್ದೇ ಹೊಡೆಯುವುದು, ಹೊಡೆದೇ ಗೆಲ್ಲುವುದು. ಆರನೆಯದೂ ಹೊಡೆಯುವುದೇ, ಬಣ್ಣ ಮಾತ್ರ ಬೇರೆ. ಕಾಲೇಜಿನ ಹುಡುಗರೆದುರು ಈ ತಂಡ ನಡೆಯಿತು. ನಿಲಂಗಾದ ಪಲ್ಲವಿ ಎಂಬವಳು ಆಟದಲ್ಲಿ ಎದುರಾದ ದಿನ ನಡೆಯಲಿಲ್ಲ. ಅವಳು ಒಂದು ಸಣ್ಣ ನೀರಾಮೆಯನ್ನು ಮುಂದೆ ಬಿಟ್ಟು, ನನ್ನ ಐದನ್ನೂ ಒಂದೊಂದಾಗಿ ಒಲೆಗೆ ನೀರು ಹಾಕಿದಂತೆ ಆರಿಸಿದಳು. ಮತ್ತೆ ಆಡಿದೆ, ಮತ್ತೆ ಆರಿಸಿದಳು. ಕೊನೆಗೆ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾದಾಗ ನಾಚಿಕೆ ಬಿಟ್ಟು ಕೇಳಿದೆ: ನನ್ನ ತಂಡದಲ್ಲಿ ಏನು ಕಮ್ಮಿ?

ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ — ಅವಳೂ ನಮ್ಮಂತೆಯೇ. ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಹೇಳಿದಳು.

"ಅರೇ, ನಿನ್ನ ಟೀಮಿನ್ಯಾಗ ಎಲ್ಲಾ ಹೊಡ್ಯಾವೇ ಅವ. ಪೆಟ್ಟ ತಿನ್ನಾವ ಯಾವ? ಜಖಮಿಗೆ ಔಷಧ ಹಚ್ಚಾವ ಯಾವ? ಬರೇ ಅಳಿಯಂದ್ರನ್ನ ಕರ್ಕೊಂಡ ಲಗ್ನಾ ಮಾಡ್ಲಾಕ ಹೊಂಟಾಂಗ ಹೊಂಟಿ. ಊಟಕ್ಕ ಬಡ್ಸಾವ್ರು ಯಾರು? ಬಾಸಣ ತಿಕ್ಕಾವ್ರು ಯಾರು?"

ಆ ಮಾತು ತಲೆಗೆ ಹೊಕ್ಕಿತು. ತಂಡ ಎಂದರೆ ಆರು ಶೂರರಲ್ಲ, ಆರು ಕೆಲಸ. ಒಂದು ಪೆಟ್ಟು ತಿಂದು ನಿಲ್ಲಬೇಕು. ಒಂದು ಗಾಯ ಮಾಯಿಸಬೇಕು. ಒಂದು ವಿಷವಿಟ್ಟು ಕಾಯಬೇಕು. ಒಂದು ಓಡಿಬಂದು ಹೊಡೆದು, ತಿರುಗೇಟು ಬೀಳುವಷ್ಟರಲ್ಲಿ ಹಿಂದಿನದಕ್ಕೆ ಜಾಗ ಕೊಟ್ಟು ಹೋಗಬೇಕು. ಅಂದು ಮನೆಗೆ ಬಂದು ಊಟಕ್ಕೆ ಕುಳಿತಾಗ ಸುತ್ತ ನೋಡಿದೆ — ತಂಡ ಎದುರಿಗೇ ಕುಳಿತು ರೊಟ್ಟಿ ಮುರಿಯುತ್ತಿತ್ತು!

ಕಲ್ಲಿನ ಮೈಯ ಒಂದು ಕೋಣವಿತ್ತು ಆ ಆಟದಲ್ಲಿ. ನಿಧಾನ. ಹೊಡೆಯುವುದು ಕಮ್ಮಿ, ತಿನ್ನುವುದು ಬಹಳ. ಮೂಗಿನ ಕೆಳಗೆ ಎರಡು ಕಡೆ ಪಾಚಿ ಇಳಿಬಿದ್ದು ಸಾಕ್ಷಾತ್ ಮೀಸೆ. ಆಟದಲ್ಲಿ ಜನಾವರಗಳಿಗೆ ನಮಗೆ ಬೇಕಾದ ಹೆಸರು ಇಡಬಹುದು. ಇಟ್ಟೆ — 'ಸಂಗಪ್ಪಾ ಕಾಕಾ'. ಮುಳ್ಳುಬಳ್ಳಿಯೊಂದಿತ್ತು, ಅದು ಒಮ್ಮೆ ಚುಚ್ಚಿದರೆ ಸಾಕು, ವಿಷ ಸರದಿಗೆ ಇಷ್ಟಿಷ್ಟೇ ಏರುತ್ತ ಆಟ ಮುಗಿಯುವವರೆಗೂ ಕೆಲಸ ಮಾಡುತ್ತಿತ್ತು. ಅದು 'ಆಯಿ'. ಅವಳ ಒಂದು ಮಾತು ಕೇಳಿದವರು ಯಾರೂ ಈ ಹೆಸರಿಗೆ ತಕರಾರು ಮಾಡಲಾರರು. ಗಾಯ ಮಾಯಿಸುವ ನೀರುಕೋಳಿ 'ಕಾಕು'. ಮಿಂಚಿನ ಮೊಲ 'ಅವ್ವ'. ಕುಕ್ಕಿ ಹಾರಿಹೋಗುವ ಹಕ್ಕಿಗೆ ನಮ್ಮ ದಾಳಿಂಬದ ಜೀಪಿನ ಡ್ರೈವರ್ 'ಬಂಡು ಮಾಮಾ'ನ ಹೆಸರು — ಅವನೂ ಹಾಗೆಯೇ, ಸುದ್ದಿ ಕೊಟ್ಟು ಉತ್ತರಕ್ಕೆ ನಿಲ್ಲದೆ ಹೊರಟುಬಿಡುವವನು. ಆರನೆಯದು ನನ್ನ ಹಳೆಯ ಬೆಂಕಿ ಹೋತ. ಅದಕ್ಕೆ ನನ್ನದೇ ಹೆಸರು. ಬೇರೆಯವರೆಲ್ಲ ಪೆಟ್ಟು ತಿಂದು ಎದುರಾಳಿಯನ್ನು ದಣಿಸಿದ ಮೇಲೆ ಕೊನೆಗೆ ಬಂದು, ಒಂದು ಸಲ ಬೆಂಕಿ ಉಗುಳಿ, ಗೆದ್ದೆ ಎಂದು ಕುಣಿಯುವುದು. ಹೆಸರು ಇಡುವಾಗ ಇದು ಹೊಳೆಯಲಿಲ್ಲ, ಈಗ ಬರೆಯುವಾಗ —

ಈ ತಂಡ ಸೋಲುವುದನ್ನೇ ಬಿಟ್ಟಿತು. ಸೋಲಲು ಶುರು ಮಾಡಿದವನು ನಾನು. ಬಿ.ಕಾಂ. ಕೊನೆಯ ವರ್ಷದ ಫಲಿತಾಂಶದಲ್ಲಿ ಎರಡು ವಿಷಯ ಹೋಗಿದ್ದವು. ಅದರಲ್ಲಿ ಒಂದು ಸಂಖ್ಯಾಶಾಸ್ತ್ರ! ಯಾವ ಜನಾವರದ ಯಾವ ಪೆಟ್ಟು ನೂರಕ್ಕೆ ಎಷ್ಟು ಸಲ ತಗಲುತ್ತದೆ ಎಂಬುದು ನನಗೆ ಬಾಯಿಪಾಠ. ಪ್ರಶ್ನೆಪತ್ರಿಕೆಯಲ್ಲಿ ಜನಾವರಗಳಿರಲಿಲ್ಲ, ಅದಕ್ಕೆ ಕೈ ಓಡಲಿಲ್ಲ. ಮನೆಯಲ್ಲಿ "ನಿಕಾಲ ಇನ್ನಾ ಬಂದಿಲ್ಲ" ಎಂದೆ. ಇದು ಮೊದಲ ಸುಳ್ಳು. ಇದನ್ನು ನಾನು ಸುಳ್ಳೆಂದು ಲೆಕ್ಕ ಹಿಡಿದಿರಲೇ ಇಲ್ಲ.

ಆ ದಿನಗಳಲ್ಲಿಯೇ ಉದಗೀರದಲ್ಲಿ ಈ ಆಟದ ಸ್ಪರ್ಧೆ ಇಟ್ಟರು. ಅಲ್ಲಿನ ಮೊಂಢಾದ ಹತ್ತಿರದ ಒಂದು ಮಂಗಲ ಕಾರ್ಯಾಲಯದಲ್ಲಿ — ನಮ್ಮ ಕಡೆ ಲಗ್ನ ನಡೆಯುವ ಛತ್ರಕ್ಕೆ ಹೀಗೆ ಅನ್ನುತ್ತಾರೆ. ಒಳಗೆ ದೊಡ್ಡ ಪರದೆ, ಹೊರಗೆ ಲಗ್ನಕ್ಕೆ ಕಟ್ಟುವ ಭೋಂಗಾ, ಅಂದರೆ ಧ್ವನಿವರ್ಧಕ. ಮನೆಯಲ್ಲಿ "ಕಾಲೇಜಿನ ಕೆಲ್ಸದ ಮ್ಯಾಲ ಉದಗೀರಕ್ಕ ಹೊಂಟೀನಿ" ಎಂದೆ. ಕಾಕಾ ತಲೆಯೆತ್ತಿ, "ನಾನೂ ಹೊಂಟೀನಿ, ತೊಗರಿ ದರಾ ನೋಡ್ಲಾಕ," ಅಂದರು. ಒಂದೇ ಬಸ್ಸಾದರೆ ಕೆಟ್ಟೆ ಎಂದುಕೊಂಡೆ. ಆದರೆ ಅವರು ಮುಂಚಿನ ಬಸ್ಸಿಗೆ ಹೋದರು. ಫೋನನ್ನು ಯಥಾಪ್ರಕಾರ ಅಂಗಡಿಯ ಗಾದಿಯ ಕೆಳಗೆ ಇಟ್ಟೇ ಹೋದರು. ಅದು ಅಂಗಡಿಯ ಫೋನು, ಅಂಗಡಿಯಲ್ಲೇ ಇರಬೇಕು ಎಂಬುದು ಅವರ ನಿಯಮ.

ಮಧ್ಯಾಹ್ನದೊಳಗೆ ನಾನು ಫೈನಲ್ ಮುಟ್ಟಿದ್ದೆ. ಎದುರು ಯಾರು? ಪಲ್ಲವಿಯೇ.

ಅವಳ ಆರೂ ಜಾಣ ಜನಾವರಗಳು. ನನ್ನ ಮೊಲ ಬಿತ್ತು, ಹಕ್ಕಿ ಬಿತ್ತು. ಕಲ್ಲುಕೋಣವನ್ನು ಮುಂದೆ ಬಿಟ್ಟೆ. ಅದು ನಿಂತಿತು. ಅವಳು ನೀರು ಸುರಿದಳು, ನಿಂತಿತು. ಸಿಡಿಲು ಬಡಿಸಿದಳು, ನಿಂತಿತು. ನಡುವೆ ನೀರುಕೋಳಿ ಬಂದು ಗಾಯ ಮಾಯಿಸಿ ಹೋಯಿತು, ಮತ್ತೆ ನಿಂತಿತು. ಮುಳ್ಳುಬಳ್ಳಿಯ ವಿಷ ಅಷ್ಟರೊಳಗೆ ಅವಳ ಜನಾವರಗಳನ್ನು ಒಳಗೊಳಗೇ ತಿನ್ನುತ್ತಿತ್ತು. ಮೈಕು ಹಿಡಿದ ಲಾತೂರಿನ ಹುಡುಗನಿಗೆ ಉತ್ಸಾಹವೋ ಉತ್ಸಾಹ. ಬೇರೆ ಜನಾವರಗಳನ್ನೆಲ್ಲ ಏಕವಚನದಲ್ಲಿ ಕರೆದವನು, 'ಕಾಕಾ' ಎಂದ ಕೂಡಲೇ ಮರ್ಯಾದೆಗೆ ಬಹುವಚನಕ್ಕೆ ಏರಿದ್ದ. ಕೊನೆಗೆ ಪಲ್ಲವಿ ಒಂದು ದೊಡ್ಡ ಅಲೆ ಎಬ್ಬಿಸಿದಳು. ಕೋಣ ಮಂಡಿಯೂರಿತು. ಭೋಂಗಾ ಇಡೀ ಪೇಟೆಗೆ ಕೇಳುವಂತೆ ಕೂಗಿತು:

"ಉಮರ್ಗ್ಯಾಚೇ ಮಲ್ಲಿನಾಥ — ತ್ಯಾಂಚೇ ಸಂಗಪ್ಪಾ ಕಾಕಾ ಗೇಲೇ! ಕಾಕಾ ಗೇಲೇ!"

ಉಮರ್ಗಾದ ಮಲ್ಲಿನಾಥನ ಸಂಗಪ್ಪ ಕಾಕಾ ಹೋದರು. ಹುಡುಗ ಹೇಳಿದ್ದು ಆಟದಿಂದ ಹೊರಗೆ ಹೋದರು ಎಂದು. ಆದರೆ ಮರಾಠಿಯ 'ಗೇಲೇ'ಯೂ ನಮ್ಮ 'ಹೋದ್ರು' ಇದ್ದಂತೆಯೇ — ಹಿರಿಯರ ಹೆಸರಿನ ಮುಂದೆ ಬಂದರೆ ಅದಕ್ಕೆ ಒಂದೇ ಅರ್ಥ.

ಕೋಣ ಬಿದ್ದ ಮೇಲೆ ಬೆಂಕಿ ಹೋತ ಬಂದು, ವಿಷದಿಂದ ಅರೆಜೀವವಾಗಿದ್ದ ಅವಳ ಕೊನೆಯ ಜನಾವರವನ್ನು ಒಂದೇ ಉಸಿರಿಗೆ ಸುಟ್ಟಿತು. ನಾನು ಗೆದ್ದೆ. ಕುರ್ಚಿಯ ಮೇಲೆ ಹತ್ತಿ ಕುಣಿದೆ. ಫೋನಿನ ಬ್ಯಾಟರಿ ಅದೇ ಹೊತ್ತಿಗೆ ಪೂರ್ತಿ ಸತ್ತಿತು.

ಹೊರಗೆ ಏನಾಗುತ್ತಿತ್ತೆಂಬುದು ನನಗೆ ಆಮೇಲೆ ತಿಳಿದದ್ದು. ಬಂಡು ಮಾಮಾ ಅಂದು ಬಾಡಿಗೆಯವರನ್ನು ಉದಗೀರಕ್ಕೆ ಬಿಟ್ಟು, ಆ ರಸ್ತೆಯಲ್ಲೇ ಹೊರಟಿದ್ದ. ಭೋಂಗಾ ಕೇಳಿದ. ಜೀಪು ನಿಲ್ಲಿಸಲಿಲ್ಲ; ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಫೋನು. "ಕಾಕು, ಧೈರ್ಯಾ ತಗೋರಿ. ಕಾಕಾ ಉದಗೀರದಾಗ ಹೋದ್ರಂತ. ಲೌಡ್‌ಸ್ಪೀಕರಿನ್ಯಾಗ ಹೇಳ್ಲತ್ತಾರ. ಮಲ್ಯಾ ಅಲ್ಲೇ ಅದಾನ." ಇಷ್ಟು ಹೇಳಿ ಇಟ್ಟುಬಿಟ್ಟ. ಮನೆಯವರು ಕಾಕಾರಿಗೆ ಫೋನು ಮಾಡಿದರೆ ಗಾದಿಯ ಕೆಳಗೆ ರಿಂಗಾಯಿತು. ನನಗೆ ಮಾಡಿದರೆ ಬಂದ್. ಬೇರೊಂದು ಜೀಪು ಹಿಡಿದು ಹೊರಟರು: ಆಯಿ, ಕಾಕು, ಅವ್ವ. ಮನೆಯ ಪೂಜೆ ಮಾಡಿಸುವ ಸ್ವಾಮ್ಯಾರನ್ನೂ ವಿಭೂತಿಯ ಸಮೇತ ಹತ್ತಿಸಿಕೊಂಡರಂತೆ. ದಾರಿಯುದ್ದಕ್ಕೂ ಆಯಿಯದು ಒಂದೇ ಚಿಂತೆ. ನಮ್ಮಲ್ಲಿ ಹೋದವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ, ತಡವಾದರೆ ಮೈ ಬಗ್ಗುವುದಿಲ್ಲ. "ಉದಗೀರದ ಮಂದಿಗೆ ಗೊತ್ತದನೋ ಇಲ್ಲೋ! ಮಲಗಿಸ್ಯಾರೇನೋ ನನ್ನ ಸಂಗಾನ್ನ! ಯಾರರೆ ಫೋನ್ ಮಾಡಿ ಕುಂದ್ರಿಸ್ಲಾಕ ಹೇಳ್ರೋ!"

ಇತ್ತ ಕಾಕಾ ಸ್ವತಃ ಉದಗೀರದ ಮೊಂಢಾದ ಚಹಾ ಅಂಗಡಿಯಲ್ಲಿ ಕುಳಿತಿದ್ದರು. ಯಾರೋ ಅಂದರು, ಉಮರ್ಗಾದ ಸಂಗಪ್ಪ ಕಾಕಾ ಹೋದರಂತೆ, ಮಂಗಲ ಕಾರ್ಯಾಲಯದಲ್ಲಿದ್ದಾರಂತೆ. ಬೇರೆಯವರಾಗಿದ್ದರೆ 'ನಾನೇ ಅವನು' ಎಂದು ಕೂಗುತ್ತಿದ್ದರು. ಕಾಕಾ ಕೂಗಲಿಲ್ಲ. ನಮ್ಮೂರಿನವನೇ, ನನ್ನ ಹೆಸರಿನವನೇ ಇನ್ನೊಬ್ಬ ಇದ್ದ, ಇದ್ದದ್ದೇ ನನಗೆ ಗೊತ್ತಾಗಲಿಲ್ಲ — ಎಂದು ಮರುಗಿದರು. ವ್ಯಾಪಾರ ಮುಗಿಸಿ, ಒಂದು ದೊಡ್ಡ ಹೂವಿನ ಹಾರ ಕೊಂಡು, ತಮ್ಮದೇ ಅಂತಿಮ ದರ್ಶನಕ್ಕೆ ನಡೆದು ಬಂದರು.

ಬಹುಮಾನ ಇನ್ನೂ ಕೊಟ್ಟಿರಲಿಲ್ಲ, ಮುಖ್ಯ ಅತಿಥಿಗಳು ತಡ ಮಾಡಿದ್ದರು. ಆ ಆಟದಲ್ಲಿ ಚಾಂಪಿಯನ್ ಆದವನಿಗೆ ಕರಿ ನಿಲುವಂಗಿ ತೊಡಿಸುತ್ತಾರೆ. ಸ್ಪರ್ಧೆ ಇಟ್ಟವರು ಉದಗೀರದಲ್ಲೆಲ್ಲ ಹುಡುಕಿ, ಬಾಡಿಗೆಗೆ ಸಿಕ್ಕ ಒಂದೇ ಕರಿ ನಿಲುವಂಗಿ ತಂದಿದ್ದರು — ಪದವಿ ಪ್ರದಾನದ್ದು. ಅದರ ಜೊತೆಗೆ ಬಂದ ಚೌಕು ಟೋಪಿಯನ್ನೂ ವ್ಯರ್ಥವಾಗಬಾರದೆಂದು ನನ್ನ ತಲೆಗೆ ಇಟ್ಟರು. ಕೊನೆಗೂ ಬಂದ ಅತಿಥಿಗಳು ಒಬ್ಬ ನಿವೃತ್ತ ಪ್ರಾಚಾರ್ಯರು. ಅವರ ಕೈಯಿಂದ ನಾನು ಬಂಗಾರದ ಅಂಚಿನ ಪ್ರಮಾಣಪತ್ರ ತೆಗೆದುಕೊಳ್ಳುತ್ತಿದ್ದೇನೆ, ಫೋಟೋದವನು ಇನ್ನೂ ಸ್ವಲ್ಪ ನಗು ಅನ್ನುತ್ತಿದ್ದಾನೆ — ಬಾಗಿಲಲ್ಲಿ ಹಾರ ಹಿಡಿದ ಕಾಕಾ ಕಂಡರು. ಅವರ ಬೆನ್ನ ಹಿಂದೆಯೇ, ಅಳುತ್ತ ನುಗ್ಗಿದ ನಮ್ಮ ಮನೆಯ ಹೆಣ್ಣುಮಕ್ಕಳು.

ಕಾಕು ಗಂಡನನ್ನು ನೋಡಿ ಅಲ್ಲೇ ಕುಸಿದು ಕುಳಿತಳು. ಆಯಿ ನೇರ ಮಗನ ಹತ್ತಿರ ಹೋಗಿ, ಮುಖ ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆ ಕೆನ್ನೆಗೆ ಒಂದು ಬಾರಿಸಿದಳು.

"ಸತ್ತೀ ಅಂತ ಹೇಳಿ ಕಳಿಸಿ ಹಾರಾ ಹಿಡ್ಕೊಂಡ ನಿಂತೀ ಏನೋ ಭಾಡ್ಯಾ!"

"ಯವ್ವಾ, ಸತ್ತಾಂವ ನಾ ಅಲ್ಲ, ಬ್ಯಾರೆ ಸಂಗಪ್ಪ..." ಎನ್ನುತ್ತ ಕಾಕಾ ಹೆಣಕ್ಕಾಗಿ ಸುತ್ತ ಕಣ್ಣಾಡಿಸಿದರು. ಹೆಣ ಕಾಣಲಿಲ್ಲ. ವೇದಿಕೆಯ ಮೇಲೆ ನಾನು ಕಂಡೆ. ಕರಿ ನಿಲುವಂಗಿ. ಚೌಕು ಟೋಪಿ. ಪ್ರಾಚಾರ್ಯರು. ಕೈಯಲ್ಲಿ ಇಂಗ್ಲಿಷಿನ ಪ್ರಮಾಣಪತ್ರ. ಕಾಕಾ ಓದಿದ್ದು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ. ಆದರೆ ಇಂಥ ಫೋಟೋಗಳನ್ನು ಅವರು ಬೇರೆಯವರ ಮನೆಯ ಗೋಡೆಗಳ ಮೇಲೆ ಎಷ್ಟೋ ಸಲ ನಿಂತು ನೋಡಿದ್ದರು.

ಅವರು ವೇದಿಕೆ ಹತ್ತಿ ಬಂದರು. ಸತ್ತ ವಿಚಾರ ಮರೆತೇಬಿಟ್ಟಿದ್ದರು.

"ಮಲ್ಯಾ... ಪದವಿ ಏನೋ ಇದು?"

ಇಲ್ಲ ಎನ್ನಲು ನನಗೆ ಹೊತ್ತಿತ್ತು. ನಾನು ಅದನ್ನು ಎಷ್ಟೋ ಸಲ ಮತ್ತೆ ನೆನೆದು ನೋಡಿದ್ದೇನೆ — ಇತ್ತು. ಅವರ ಕಣ್ಣಲ್ಲಿ ನೀರಿತ್ತು. ಆಯಿ ಕೆಳಗೆ ಸೆರಗು ಬಾಯಿಗೆ ಇಟ್ಟು ನಿಂತಿದ್ದಳು. ಹಾಗಾಗಿಯೇ ಸುಳ್ಳು ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಟೋಪಿ ನನಗೆ ಒಪ್ಪುತ್ತಿತ್ತು, ಅದಕ್ಕೆ ಹೇಳಿದೆ. ಬೆವರು ಸುರಿಸದೆ ಸಿಕ್ಕಿದ್ದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಹೂಂ, ಕಾಕಾ."

ಅವರು ತಮ್ಮ ಹೆಣಕ್ಕೆಂದು ತಂದ ಹಾರವನ್ನು ನನ್ನ ಕೊರಳಿಗೆ ಹಾಕಿದರು. ಸ್ವಾಮ್ಯಾರು, ವಿಭೂತಿ ತಂದಿದ್ದೇನೆ, ತಿರುಗಿ ಒಯ್ಯುವುದೇಕೆ ಎಂದು ನನ್ನ ಹಣೆಗೆ ಬಳಿದರು. ಹಾಗಾದರೆ ಸತ್ತವರು ಯಾರು ಎಂದು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಎರಡನೆಯ ಬಹುಮಾನ ಹಿಡಿದು ನಿಂತಿದ್ದ ಪಲ್ಲವಿ ನನ್ನನ್ನು ಒಮ್ಮೆ, ಕಾಕಾರ ಮೀಸೆಯನ್ನು ಒಮ್ಮೆ ನೋಡಿದಳು. "ಇವರೇ ಏನು ನಿನ್ನ ಕೋಣ?" ಅಷ್ಟೇ ಕೇಳಿದಳು, ಮೆಲ್ಲಗೆ.

ಮರುದಿನ ಮುಂಜಾನೆ ಕಾಕಾ ನಮ್ಮೂರ ಮೊಂಢಾದ ಎದುರಿನ ಕ್ಷೌರದಂಗಡಿಯಲ್ಲಿ, ಜನರನ್ನು ಕರೆದು ನಿಲ್ಲಿಸಿ, ಮೀಸೆ ತೆಗೆಸಿದರು. ಪೇಢೆ ಹಂಚಿದರು. ಒಂದು ವಾರ ರೈತರು ಅಂಗಡಿಗೆ ಬಂದು, ಕಾಕಾರ ಮುಖಕ್ಕೇ "ಸಾವ್ಕಾರ್ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುತ್ತಿದ್ದರು. "ನಮ್ಮ ಹುಡುಗಾ ಪದವೀಧರ ಆಗ್ಯಾನ, ಅದಕ್ಕ ನಾ ಹೋಗೀನಿ," ಎಂದು ಕಾಕಾ ತುಟಿ ಸವರಿಕೊಳ್ಳುತ್ತಿದ್ದರು. ಪ್ರಮಾಣಪತ್ರ ಚೌಕಟ್ಟು ಕಂಡು, ದೇವರ ಕೋಣೆಯ ಬಾಗಿಲ ಮೇಲೆ ಏರಿತು. 'ಬೆಸ್ಟ್ ಬ್ಯಾಲೆನ್ಸ್‌ಡ್ ಟೀಮ್' ಎಂದಿತ್ತು ಅದರಲ್ಲಿ; ಇಂಗ್ಲಿಷ್ ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಕಾಕು ದಿನಾ ಅದಕ್ಕೂ ಊದಿನಕಡ್ಡಿ ಬೆಳಗುತ್ತಿದ್ದಳು. ಕಲ್ಲುಕೋಣಕ್ಕೆ, ಮುಳ್ಳುಬಳ್ಳಿಗೆ, ನೀರುಕೋಳಿಗೆ ಧೂಪ!

ಆ ವರ್ಷ ನಾನು ಫೋನಿನಿಂದ ಆಟ ಅಳಿಸಿದೆ. "ಮುಂದಿನ ಓದು" ಎಂದು ಮನೆಯಲ್ಲಿ ಹೇಳಿ, ಹಿಂದಿನದನ್ನು ಓದಿದೆ. ನಿಲಂಗಾಕ್ಕೆ ಹೋಗಿ ಪಲ್ಲವಿಯ ಮುಂದೆ ಕುಳಿತು ಸಂಖ್ಯಾಶಾಸ್ತ್ರ ಹೇಳಿಸಿಕೊಂಡೆ. ಅವಳು ಪ್ರತಿ ಲೆಕ್ಕವನ್ನೂ ಜನಾವರದ ಲೆಕ್ಕವಾಗಿ ಮಾಡಿ ಕೊಡುತ್ತಿದ್ದಳು, ನಡುನಡುವೆ "ಕಾಕಾಗ ಹೇಳಿದ್ಯಾ?" ಎಂದು ಕೇಳುತ್ತಿದ್ದಳು. ಒಮ್ಮೆ ಬರೆದು ಒಂದು ವಿಷಯ ದಾಟಿದೆ. ಸಂಖ್ಯಾಶಾಸ್ತ್ರ ಮತ್ತೊಮ್ಮೆ ಬಿತ್ತು. ಇನ್ನೊಮ್ಮೆ ಬರೆದೆ. ಪಾಸಾದ ದಿನ ಯಾರಿಗೂ ಹೇಳುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಭಜಿ ತಿಂದೆ. ಆಮೇಲೆ ವಿದ್ಯಾಪೀಠದ ನಿಜವಾದ ಪದವಿಪತ್ರ ಬಂತು. ನಮ್ಮ ಮನೆತನದ ಮೊದಲನೆಯದು. ಆದರೆ ಮೊದಲನೆಯದು ಆಗಲೇ ಗೋಡೆಯ ಮೇಲಿತ್ತಲ್ಲ!

ಮನೆಯವರೆಲ್ಲ ಲಗ್ನಕ್ಕೆ ವಲಾಂಡಿಗೆ ಹೋದ ದಿನ ಚೌಕಟ್ಟು ಇಳಿಸಿದೆ. ಹಿಂದಿನ ಹಲಗೆ ಬಿಚ್ಚಿದೆ. ಬದಲಿಸಿಬಿಡಬೇಕೆಂದುಕೊಂಡಿದ್ದೆ. ಆದರೆ ದಿನಾ ಧೂಪ ಬೆಳಗುವ ಕಾಕುಗೆ ಅದರ ಬಂಗಾರದ ಅಂಚಿನ ಒಂದೊಂದು ಬಳ್ಳಿಯೂ ಗೊತ್ತು. ಹೆದರಿ, ನಿಜವಾದದ್ದನ್ನು ಸುಳ್ಳಿನ ಬೆನ್ನಿಗೆ ಇಟ್ಟು ಮತ್ತೆ ಮುಚ್ಚಿದೆ. ಆಟದ ಭಾಷೆಯಲ್ಲಿ ಹೇಳುವುದಾದರೆ, ಕಣದಲ್ಲಿ ಒಂದು, ಹಿಂದೆ ಒಂದು. ಹಿಂದಿನದನ್ನು ಮುಂದೆ ಬಿಡುವ ಧೈರ್ಯ ನನಗೆ ವರ್ಷಗಟ್ಟಲೆ ಬರಲಿಲ್ಲ. ಆ ಪದವಿಯ ಮೇಲೆಯೇ ಇಲ್ಲಿನ ಒಂದು ಪತಸಂಸ್ಥೆಯಲ್ಲಿ, ಅಂದರೆ ಪತ್ತಿನ ಸಂಘದಲ್ಲಿ, ಗುಮಾಸ್ತನಾದೆ. ಅಕೌಂಟ್ಸ್ ಬಲ್ಲವನೆಂದು ಹೆಸರಾಯಿತು. ಮೀಸೆಯನ್ನೂ ಬಿಟ್ಟೆ — ಕಾಕಾರದೇ ನಮೂನೆ, ತುದಿ ತಿರುವಿದ್ದು. ಅದನ್ನು ಕಂಡು ಅವರು ಖುಷಿಪಟ್ಟರು. "ಮನಿತನದ ಮೀಸಿ ಮನ್ಯಾಗೇ ಉಳೀತು," ಅಂದರು. ಆ ಮಾತು ಕೇಳಿದ ಮೇಲೂ ನಾನು ಬೋಳಿಸಲಿಲ್ಲ. ಇದನ್ನೂ ಬರೆದಿಡುತ್ತೇನೆ.

ಈ ವರ್ಷ ಕಾಕಾರಿಗೆ ಅರವತ್ತು. ಫೋಟೋ ತೆಗೆಸಬೇಕೆಂದು ಮನೆಯಲ್ಲಿ ಗದ್ದಲ. ಕಾಕು ಅಂದಳು, "ಈಗರೆ ಬಿಡ್ರೀ ಮೀಸಿ. ಫೋಟೋದಾಗ ಯಾರೋ ಬಾಡಿಗಿಯಾಂವ ಕುಂತಂಗ ಕಾಣ್ತೀರಿ."

ಆಯಿಗೆ ಈಗ ಕಣ್ಣು ಮಂಜು. ಅವಳೂ ಅಂದಳು, "ಹೂಂ ಸಂಗಾ, ಬಿಡು. ಕೈಲಿ ಮುಟ್ಟಿದ್ರ ನಿನ್ನ ಗುರ್ತ ಹತ್ತವಲ್ದು ನನಗ."

ಕಾಕಾ ನಕ್ಕು ತಲೆಯಾಡಿಸಿದರು. "ಮೊಂಢಾದಾಗ ನಿಂತ ಆಡೀನಿ ಯವ್ವಾ. ಮಾತಂದ್ರ ಮಾತು."

ನಾನು ರೊಟ್ಟಿ ಬಿಟ್ಟು ಎದ್ದೆ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು — ಊರಲ್ಲಿ ಕಾಕಾರ ಮಾತಿನಷ್ಟೇ ನನ್ನ ಪದವಿಗೂ ಹೆಸರಿತ್ತು. ಅವರು ಮತ್ತೆ ನನ್ನ ಮುಖ ನೋಡದಿದ್ದರೆ? ಆದರೂ ಸ್ಟೂಲು ಎಳೆದು, ದೇವರ ಕೋಣೆಯ ಬಾಗಿಲ ಮೇಲಿನ ಚೌಕಟ್ಟು ಇಳಿಸಿ, ಅವರ ಮುಂದೆ ನೆಲದ ಮೇಲೆ ಕುಳಿತೆ. ಹೇಳಿದೆ. ಆಟ, ನಪಾಸು, ಕೋಣ, ಹೂಂ. ಎಲ್ಲರೂ ಕೇಳುತ್ತಿದ್ದರು. 'ಮುಳ್ಳುಬಳ್ಳಿ' ಎಂದಾಗ ಆಯಿ, "ಯಾವಾಕಿ ಅದು?" ಅಂದಳು.

ಹಲಗೆಯ ಮೊಳೆ ಕಿತ್ತು, ಹಿಂದಿನದನ್ನು ತೆಗೆದು ಕಾಕಾರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಮೊಹರಿನ ಮೇಲೆ ಬೆರಳಾಡಿಸಿದರು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರಿದುಕೊಂಡು ನೋಡುತ್ತಾರಲ್ಲ, ಹಾಗೆ ಬಹಳ ಹೊತ್ತು ನೋಡಿದರು.

"ಇದು ಖರೆದು?"

"ಖರೆದು, ಕಾಕಾ."

"ಮೊಂಢಾದಾಗ ಇಷ್ಟ ವರ್ಷಾ ಕುಂತೀನಿ. ಮ್ಯಾಲ ಛಲೋ ಕಾಳ ಇಟ್ಟು ಕೆಳಗ ಹೊಟ್ಟು ತುಂಬಿದಾವ್ರನ್ನ ಬೇಕಾದಷ್ಟ ಮಂದಿನ ಹಿಡದೀನಿ. ಮ್ಯಾಲ ಹೊಟ್ಟು ಇಟ್ಟು ಕೆಳಗ ಕಾಳ ಮುಚ್ಚಿಟ್ಟ ಲಬಾಡನ್ನ ಇವತ್ತೇ ನೋಡ್ಲತ್ತೀನಿ."

ಕಿತ್ತ ಮೊಳೆಗಳನ್ನು ನಾನು ಒಂದೊಂದಾಗಿ ಆಯ್ದೆ.

"ಆ ಕೋಣ ಬಿದ್ದ ಮ್ಯಾಲ ಆಟಾ ಗೆದ್ದದ್ದು ಯಾವದು?"

"ಹೋತ, ಕಾಕಾ."

"ಹೋತಿನ ಹೆಸರೇನು?"

"...ಮಲ್ಯಾ."

ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವೋ ನಗೆಯೋ ತಿಳಿಯಲಿಲ್ಲ. ಕಾಕಾ ಪದವಿಪತ್ರವನ್ನು ಮಡಚದೆ, ಎರಡೂ ಅಂಗೈಗಳಲ್ಲಿ ತಟ್ಟೆಯಂತೆ ಹಿಡಿದು ಎದ್ದರು. ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು, ತಿರುಗಿ ನನ್ನ ಮೀಸೆ ನೋಡಿದರು.

"ಸುಳ್ಳ ಪದವಿಗಿ ನಾ ಬೋಳಿಸೀನಿ, ಖರೆ ಪದವಿಗಿ ಈಗ ನಿನ್ನ ಪಾಳಿ. ನಾಳಿ ಮುಂಜಾನೆ ಮೊಂಢಾಕ್ಕ ಬಾ, ಎಲ್ಲಾರ ಮುಂದ ನೀ ಬೋಳಿಸು. ನಾ ಬಿಡ್ತೀನಿ."

"ಎಂದಿನ ತನಕಾ ಬೋಳ ಇರ್ಬೇಕು, ಕಾಕಾ?"

"ನಂದು ನಮ್ಮವ್ವನ ಕೈಗೆ ಗುರ್ತ ಹತ್ತೂ ತನಕಾ."